ಚಿಟಿಕೆ ಸುಣ್ಣ, ಚಳಿಜ್ವರ ಮತ್ತು ಅಪ್ಪನ ಗಾಜಿನ ತುಂಡುಗಳು

ಬರೆಯದೆ ಬಹಳ ದಿನವಾಗಿತ್ತು. ಹೋದ ತಿಂಗಳು ಕ್ಯಾತ್ಸಂದ್ರದ ನಮ್ಮ ಹಳೇ ಮನೆಗೆ ಸುಣ್ಣಬಣ್ಣ ಮಾಡಿಸೋಣ ಅಂತ ಹೋಗಿದ್ದೆ. ಬೆಳಗ್ಗೆ ಎದ್ದು ತಟ್ಟೆ ಇಡ್ಲಿ ತಿಂದು ಬಂದು, ಅಟ್ಟದ ಮೇಲಿದ್ದ ಸಾಮಾನೆಲ್ಲ ಕೆಳಗಿಳಿಸಿದರೆ ಎರಡು ಡಬ್ಬಿ ಸಿಕ್ಕವು. ಒಂದು, ಅಜ್ಜಿಯ ಹಿತ್ತಾಳೆಯ ಸುಣ್ಣದ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಸುಣ್ಣ ಕಲ್ಲಾಗಿ ಕೂತಿತ್ತು. ಇನ್ನೊಂದು, ಅಪ್ಪನ ಮರದ ಪೆಟ್ಟಿಗೆ. ಅದರೊಳಗೆ ಸಾಲಾಗಿ ಗಾಜಿನ ಸ್ಲೈಡುಗಳು, ಬೆರಳಿಗೆ ಚುಚ್ಚುವ ಸೂಜಿಗಳು, ಮಾಸಿದ ಹತ್ತಿ.

ಈ ಎರಡು ಡಬ್ಬಿಗೂ ಏನು ಸಂಬಂಧ ಅಂತ ನನಗೆ ಆಗ ಹೊಳೆಯಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಒಂದಷ್ಟು ಓದಿದ ಮೇಲೆ, ಅರೆ! ಅನ್ನಿಸಿತು. ಅದನ್ನೇ ಇಲ್ಲಿ ಹೇಳ್ತೀನಿ. ಸ್ವಲ್ಪ ಉದ್ದವಾಗಬಹುದು, ಕಾಫಿ ಹಿಡಿದು ಕೂತ್ಕೊಳ್ಳಿ :-)

*

ಅಪ್ಪ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡ್ತಿದ್ದರು. ದೊಡ್ಡ ಹುದ್ದೆಯೇನಲ್ಲ. ಸೈಕಲ್ ಹತ್ತಿ ಹಳ್ಳಿಹಳ್ಳಿ ಸುತ್ತಿ "ಯಾರಿಗಾದ್ರೂ ಜ್ವರ ಐತಾ?" ಅಂತ ಕೇಳೋದು, ಜ್ವರ ಇದ್ದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಬಳಿಯೋದು, ನಾಲ್ಕು ಕ್ಲೋರೋಕ್ವಿನ್ ಮಾತ್ರೆ ನುಂಗಿಸೋದು, ಗೋಡೆ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ಹೋಗೋದು. ಹದಿನೈದು ದಿನಕ್ಕೊಮ್ಮೆ ಅದೇ ಸುತ್ತು. ಜನ ಅವರನ್ನ ಹೆಸರು ಹಿಡಿದು ಕರೀತಿರಲಿಲ್ಲ, "ಮಲೇರಿಯಾದೋರು ಬಂದ್ರು" ಅಂತಿದ್ದರು. ನನಗೆ ಸ್ಕೂಲಿನಲ್ಲಿ "ಮಲೇರಿಯಾ ಮಗ" ಅಂತಲೇ ಹೆಸರು.

1995ರ ಮಳೆಗಾಲ. ನಾನಾಗ ಒಂಬತ್ತನೇ ಕ್ಲಾಸು. ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ ಚಿಕ್ಕಪ್ಪ ರಾತ್ರಿ ಬಸ್ಸಿನಲ್ಲಿ ಜ್ವರ ಹೊತ್ತುಕೊಂಡು ಮನೆಗೆ ಬಂದ. ಮೂರು ಕಂಬಳಿ ಹೊದಿಸಿದರೂ ಮಂಚ ಅಲ್ಲಾಡುವಷ್ಟು ನಡುಕ. ಅಪ್ಪ ಬೆಳಗ್ಗೆಯೇ ತಮ್ಮನ ಬೆರಳು ಚುಚ್ಚಿ ಸ್ಲೈಡ್ ಮಾಡಿದರು, ನಾಲ್ಕು ಮಾತ್ರೆ ಕೊಟ್ಟರು. ಸ್ಲೈಡ್ ಲ್ಯಾಬಿಗೆ ಹೋಯಿತು. ಅಲ್ಲಿ ನೋಡುವವರು ಇರಲಿಲ್ಲ, ಹುದ್ದೆ ಖಾಲಿ. ಇತ್ತ ಹತ್ತಿರದ ಒಬ್ಬ ಡಾಕ್ಟರು ಟೈಫಾಯಿಡ್ ಇರಬೇಕು ಅಂತ ಸೂಜಿ ಹಾಕ್ತಾ ಹೋದರು. ಏಳನೇ ದಿನ ಚಿಕ್ಕಪ್ಪನಿಗೆ ಪ್ರಜ್ಞೆ ತಪ್ಪಿತು. ತುಮಕೂರಿಗೆ ಕರಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು. ಅವನಿಗೆ ಇಪ್ಪತ್ತಾರು ವರ್ಷ.

ಸ್ಲೈಡಿನ ವರದಿ ಬಂದದ್ದು ಒಂಬತ್ತನೇ ದಿನ. ಫಾಲ್ಸಿಪೇರಂ ಪಾಸಿಟಿವ್.

ಆಮೇಲೂ ಅಪ್ಪ ಎಷ್ಟೋ ವರ್ಷ ಅದೇ ಕೆಲಸ ಮಾಡಿದರು, ರಿಟೈರಾದರು. ಆ ವಿಷಯ ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಒಂದೇ ಒಂದು ಸಲ, ಅವರು ತೀರಿಕೊಳ್ಳುವ ಮುಂಚಿನ ವರ್ಷ, ಜಗಲಿ ಮೇಲೆ ಕೂತಿದ್ದಾಗ ತಾವಾಗೇ ಅಂದರು: "ನನ್ ಕೈಯಾಗೇ ಇತ್ತು ಕಣಪ್ಪ ಆ ಸುದ್ದಿ. ಗಾಜಿನ್ ಮ್ಯಾಲೆ ಬರ್ದಿತ್ತು. ಓದೋರಿರ್ಲಿಲ್ಲ."

ಈ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಸುದ್ದಿ. ಒಂದು ಹನಿ ರಕ್ತದಲ್ಲಿದ್ದ ಸುದ್ದಿ ನಮ್ಮನ್ನು ತಲುಪೋಕೆ ಒಂಬತ್ತು ದಿನ ಬೇಕಾಯಿತು. ಹಾಗಾದರೆ ಆ ರಕ್ತದೊಳಗಿದ್ದ ಹುಳ, ಹುಳ ಕೂಡ ಅಲ್ಲ, ಒಂದೇ ಒಂದು ಜೀವಕೋಶದ ಆ ಪ್ರಾಣಿ, ತನಗೆ ಬೇಕಾದ ಸುದ್ದಿಯನ್ನು ಹೇಗೆ ತಿಳಿದುಕೊಳ್ಳುತ್ತೆ? ಕಣ್ಣಿಲ್ಲ, ಕಿವಿಯಿಲ್ಲ, ನರ ಇಲ್ಲ. ಆದರೂ ಯಾವಾಗ ಕೆಂಪುಕಣ ಒಡೆದು ಹೊರಗೆ ಬರಬೇಕು, ಯಾವಾಗ ಸೊಳ್ಳೆಯ ಹೊಟ್ಟೆ ಸೇರಿದೆ ಅನ್ನೋದು ಅದಕ್ಕೆ ಹೇಗೆ ಗೊತ್ತಾಗುತ್ತೆ?

ಉತ್ತರ ಅಜ್ಜಿಯ ಡಬ್ಬಿಯಲ್ಲಿತ್ತು.

*

ಕಥೆಯನ್ನು 1883ರಿಂದ ಶುರು ಮಾಡೋಣ. ಆ ವರ್ಷ ಎರಡು ಊರಲ್ಲಿ ಇಬ್ಬರು ಡಾಕ್ಟರುಗಳು ನೀರಿನ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದರು. ಒಬ್ಬರಿಗೆ ಇನ್ನೊಬ್ಬರ ಕೆಲಸಕ್ಕೂ ತಮ್ಮ ಕೆಲಸಕ್ಕೂ ನಂಟಿದೆ ಅಂತ ಗೊತ್ತಿರಲಿಲ್ಲ.

ಮೊದಲನೆಯದು ನಮ್ಮ ಬೆಂಗಳೂರು. ರೊನಾಲ್ಡ್ ರಾಸ್ ಎಂಬ 26 ವರ್ಷದ ಸೇನಾ ವೈದ್ಯ ಇಲ್ಲಿನ ದಂಡಿಗೆ ಹಂಗಾಮಿ ಸರ್ಜನ್ ಆಗಿ ಬಂದಿದ್ದ. ಹುಟ್ಟಿದ್ದು ಆಲ್ಮೋರಾದಲ್ಲಿ, 1857ರಲ್ಲಿ. ಕವಿತೆ, ಗಣಿತದ ಹುಚ್ಚು. ಅವನ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿಯ ಹತ್ತಿರ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣೀತಿವೆ. ತೊಟ್ಟಿ ಉರುಳಿಸಿದ, ಸೊಳ್ಳೆ ಕಮ್ಮಿ ಆಯ್ತು. ಖುಷಿಯಿಂದ ಹೋಗಿ ಮೇಲಿನ ಅಧಿಕಾರಿಗೆ ಹೇಳಿದ: ಊಟದ ಮನೆಯ ತೊಟ್ಟಿ, ಡಬ್ಬ, ಹೂದಾನಿಗಳನ್ನೂ ಹೀಗೇ ಮಾಡೋಣ ಅಂತ. ಆ ಪುಣ್ಯಾತ್ಮ ಒಪ್ಪಲೇ ಇಲ್ಲ. ಸೊಳ್ಳೆಯನ್ನು ದೇವರು ಏನೋ ಉದ್ದೇಶಕ್ಕೆ ಸೃಷ್ಟಿಸಿದ್ದಾನೆ, ಸಹಿಸಿಕೊಳ್ಳೋದು ನಮ್ಮ ಕರ್ತವ್ಯ ಅನ್ನೋ ಅರ್ಥದ ಮಾತಾಡಿದನಂತೆ! ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾನೆ. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧ ಇದೆ ಅಂತ ಅವನಿಗೆ ಆಗ ಗೊತ್ತಿರಲಿಲ್ಲ. ಬರೀ ಕಡಿತ ತಾಳಲಾರದೆ ಮಾಡಿದ ಕೆಲಸ ಅದು.

ಎರಡನೆಯದು ಲಂಡನ್. ಸಿಡ್ನಿ ರಿಂಗರ್ ಎಂಬ ವೈದ್ಯ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಇಟ್ಟು ಎಷ್ಟು ಹೊತ್ತು ಮಿಡಿಯುತ್ತೆ ಅಂತ ನೋಡ್ತಿದ್ದ. 1882ರಲ್ಲಿ ಲೇಖನವೂ ಬರೆದ: ಸೋಡಿಯಂ ಉಪ್ಪಿದ್ದರೆ ಸಾಕು, ಚೆನ್ನಾಗಿ ಮಿಡಿಯುತ್ತೆ ಅಂತ. ಆಮೇಲೆ ತಿಳಿದದ್ದೇನಂದರೆ, ಆ ದ್ರಾವಣಕ್ಕೆ ಬಳಸಿದ್ದು ಬಟ್ಟಿ ಇಳಿಸಿದ ನೀರಲ್ಲ, ಲಂಡನ್ನಿನ ನಲ್ಲಿ ನೀರು! ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದರೆ ಹೃದಯ ನಿಂತೇ ಹೋಗುತ್ತಿತ್ತು. ನಲ್ಲಿ ನೀರಿನಲ್ಲಿ ಇದ್ದದ್ದು ಏನು? ಸುಣ್ಣದ ಅಂಶ. ಕ್ಯಾಲ್ಸಿಯಂ. 1883ರಲ್ಲಿ ರಿಂಗರ್ ತನ್ನ ಹಳೆಯ ಲೇಖನ ತಪ್ಪು ಅಂತ ತಾನೇ ಒಪ್ಪಿಕೊಂಡು ಹೊಸದು ಬರೆದ. ಮಾಂಸಖಂಡಕ್ಕೆ "ಮಿಡಿ" ಅನ್ನೋ ಅಪ್ಪಣೆ ತಲುಪಬೇಕಾದರೆ ಕ್ಯಾಲ್ಸಿಯಂ ಬೇಕು ಅನ್ನೋ ತಿಳಿವಳಿಕೆಗೆ ಅದೇ ಬುನಾದಿ.

ನಮ್ಮ ಕ್ಯಾತ್ಸಂದ್ರದ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಹೆಚ್ಚು ಕಮ್ಮಿ ಅದೇ ಸರಕು. ಕ್ಯಾಲ್ಸಿಯಂ ಅನ್ನೋ ಹೆಸರೇ ಸುಣ್ಣಕ್ಕಿರುವ ಲ್ಯಾಟಿನ್ ಪದದಿಂದ ಬಂದದ್ದು. 1808ರಲ್ಲಿ ಹಂಫ್ರಿ ಡೇವಿ ಸುಣ್ಣದಿಂದ ಅದನ್ನು ಬೇರ್ಪಡಿಸಿದಾಗ ಇಟ್ಟ ಹೆಸರು.

*

ಈಗ ಮಲೇರಿಯಾ ಕಡೆ ಬರೋಣ. 1880ರ ನವೆಂಬರ್ 6ರಂದು ಅಲ್ಜೀರಿಯಾದ ಕಾನ್‌ಸ್ಟಂಟೀನ್ ಊರಿನ ಸೇನಾ ಆಸ್ಪತ್ರೆಯಲ್ಲಿ ಅಲ್ಫಾನ್ಸ್ ಲಾವೆರಾನ್ ಎಂಬ ಫ್ರೆಂಚ್ ವೈದ್ಯ ಒಬ್ಬ ಸೈನಿಕನ ಹಸಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡ್ತಿದ್ದ. ಗುಂಡಗಿನ ಒಂದು ಕಾಯದಿಂದ ಇದ್ದಕ್ಕಿದ್ದ ಹಾಗೆ ಎಳೆಗಳು ಹೊರಬಂದು ಚಾಟಿಯ ಹಾಗೆ ಬಡಿಯತೊಡಗಿದವು. ಅದನ್ನು ನೋಡಿಯೇ ಅವನಿಗೆ ಖಾತ್ರಿಯಾದದ್ದು, ಇದು ಜೀವ ಇರುವ ವಸ್ತು, ಚಳಿಜ್ವರದ ಕಾರಣ ಇದೇ ಅಂತ. ಅದಕ್ಕೆ 1907ರಲ್ಲಿ ನೊಬೆಲ್ ಬಂತು.

ಆದರೆ ಆ ಚಾಟಿಗಳು ಏನು? ಯಾರಿಗೂ ಗೊತ್ತಾಗಲಿಲ್ಲ. ವಿಚಿತ್ರ ಏನಂದರೆ, ರಕ್ತ ತೆಗೆದ ಕೂಡಲೇ ಅವು ಕಾಣ್ತಿರಲಿಲ್ಲ. ಗಾಜಿನ ಮೇಲೆ ಹತ್ತು ಹದಿನೈದು ನಿಮಿಷ ಬಿಟ್ಟರೆ ಹುಟ್ಟುತ್ತಿದ್ದವು. ಸಾಯುವಾಗಿನ ಒದ್ದಾಟ ಅಂತ ಕೆಲವರು ಅಂದರು. ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಬೇರೆ ಥರ ಯೋಚಿಸಿದ: ದೇಹದಿಂದ ಹೊರಬಂದ ಮೇಲೆ ಇವು ಹುಟ್ಟುತ್ತವೆ ಅಂದರೆ ದೇಹದ ಹೊರಗಿನ ಬದುಕಿಗೇ ಇವು ಇರಬೇಕು. ರಕ್ತವನ್ನು ಹೊರಗೆ ಒಯ್ಯುವುದು ಯಾರು? ಸೊಳ್ಳೆ! 1894ರಲ್ಲಿ ಲಂಡನ್ನಿಗೆ ಹೋಗಿದ್ದ ರಾಸ್‌ನ ತಲೆಗೆ ಈ ಹುಳ ಬಿಟ್ಟವನು ಮ್ಯಾನ್ಸನ್.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದ. ಹುಸೇನ್ ಖಾನ್ ಅನ್ನೋ ರೋಗಿಯನ್ನು ಸೊಳ್ಳೆಗಳಿಂದ ಕಚ್ಚಿಸಿ, ಪ್ರತಿ ಸೊಳ್ಳೆಗೆ ಒಂದಾಣೆ ಕೊಡ್ತಿದ್ದ. ಆ ವರ್ಷದ ಮೇ ತಿಂಗಳಲ್ಲಿ ಸೊಳ್ಳೆಯ ಹೊಟ್ಟೆಯೊಳಗಿನ ರಕ್ತದಲ್ಲಿ ಅದೇ ಚಾಟಿಗಳ ಆಟ ಕಂಡ. ಇನ್ನೇನು ದಾರಿ ಸಿಕ್ತು ಅನ್ನುವಾಗ ವರ್ಗ ಆಯ್ತು. ಎಲ್ಲಿಗೆ ಹೇಳಿ? ಬೆಂಗಳೂರಿಗೆ. ಇಲ್ಲಿ ಕಾಲರಾ ಹಬ್ಬಿತ್ತು. ಪಾಪ, ಕಾಲರಾ ಮತ್ತು ಚರಂಡಿಗಳ ಕೆಲಸದಲ್ಲಿ ಅವನ ಮಲೇರಿಯಾ ಸಂಶೋಧನೆ ಮೂಲೆಗೆ ಬಿತ್ತು. ಸರ್ಕಾರಿ ನೌಕರರ ಹಣೆಬರಹ ಆಗಲೂ ಹಾಗೇ ಇತ್ತು ನೋಡಿ! ಕಡೆಗೆ ರಜೆ ಹಾಕಿ ಊಟಿ ಹತ್ತಿರದ ಸೀಗೂರು ಘಾಟಿಗೆ ಹೋಗಿ, ಕ್ವಿನೈನ್ ನುಂಗುತ್ತಿದ್ದರೂ ತಾನೇ ಮಲೇರಿಯಾ ಹಿಡಿಸಿಕೊಂಡ. ಮತ್ತೆ ಸಿಕಂದರಾಬಾದಿಗೆ ಹೋದ ಮೇಲೆ, 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಗುಳ್ಳೆಗಳನ್ನು ಕಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. 1902ರ ನೊಬೆಲ್ ಅವನಿಗೆ.

ಆದರೆ ಚಾಟಿಗಳ ಒಗಟು ಬಿಡಿಸಿದ್ದು ರಾಸ್ ಅಲ್ಲ. ಅದೇ 1897ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ವಿದ್ಯಾರ್ಥಿ ಮೆಕ್ಕಾಲಂ, ಕಾಗೆಯ ರಕ್ತದಲ್ಲಿರುವ ಮಲೇರಿಯಾದ ದಾಯಾದಿ ಪರಾವಲಂಬಿಯನ್ನು ನೋಡುತ್ತಾ, ಒಂದು ಚಾಟಿ ಕಳಚಿಕೊಂಡು ಹೋಗಿ ಇನ್ನೊಂದು ಗುಂಡುಕೋಶದೊಳಗೆ ನುಗ್ಗಿದ್ದನ್ನು ಕಂಡ. ಅವು ಗಂಡು ಕೋಶಗಳು! ಅಲ್ಲಿ ನಡೀತಿದ್ದದ್ದು ಸಾವಿನ ಒದ್ದಾಟ ಅಲ್ಲ, ಮದುವೆ. ಸೊಳ್ಳೆಯ ಹೊಟ್ಟೆಯೇ ಮದುವೆ ಮಂಟಪ.

ಆದರೂ ಒಂದು ಪ್ರಶ್ನೆ ಉಳಿಯಿತು, ನೂರು ವರ್ಷ ಉಳಿಯಿತು. ಇಷ್ಟು ದಿನ ನಮ್ಮ ರಕ್ತದಲ್ಲಿ ಸುಮ್ಮನೆ ಮಲಗಿದ್ದ ಈ ಕೋಶಕ್ಕೆ "ಏಳಪ್ಪಾ, ಮಂಟಪ ಬಂತು" ಅಂತ ಹೇಳಿದವರು ಯಾರು?

*

ಇಲ್ಲಿ ಸ್ವಲ್ಪ ನಮ್ಮ ಕಡೆಯ ಕೆರೆಗಳನ್ನು ನೆನಪಿಸಿಕೊಳ್ಳಿ. ಕುಣಿಗಲ್ ದೊಡ್ಡಕೆರೆಯನ್ನೇ ತಗೊಳ್ಳಿ. ಏರಿಯ ಒಂದು ಕಡೆ ನೀರು ತುಂಬಿ ನಿಂತಿದೆ, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ. ನಡುವೆ ತೂಬು. ನೀರುಗಂಟಿ ತೂಬು ಎತ್ತಿದರೆ ನೀರು ತಾನಾಗೇ ನುಗ್ಗುತ್ತೆ, ಯಾರೂ ತಳ್ಳಬೇಕಾಗಿಲ್ಲ. ಆದರೆ ಆ ನೀರನ್ನು ವಾಪಸ್ ಕೆರೆಗೆ ಹತ್ತಿಸಬೇಕಾದರೆ ಏತ ಬೇಕು, ಪಂಪ್‌ಸೆಟ್ ಬೇಕು, ಕರೆಂಟ್ ಬೇಕು.

ಜೀವಕೋಶದ ಏರ್ಪಾಡು ಥೇಟ್ ಇದೇ. ನಮ್ಮ ರಕ್ತದ ದ್ರವದಲ್ಲಿ ಇರುವ ಬಿಡಿ ಕ್ಯಾಲ್ಸಿಯಂ ಕೋಶದೊಳಗಿನ ರಸದಲ್ಲಿ ಇರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಕೋಶ ಹಗಲೂರಾತ್ರಿ ಪಂಪು ಹೊಡೆದು ಕ್ಯಾಲ್ಸಿಯಂ ಅನ್ನು ಹೊರಗೋ, ಒಳಗಿನ ಉಗ್ರಾಣಗಳಿಗೋ ಸಾಗಿಸುತ್ತಲೇ ಇರುತ್ತೆ. ಯಾಕೆ ಅಂದರೆ ಹೆಚ್ಚಾದರೆ ಅದು ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತೆ, ಅಜ್ಜಿಯ ಡಬ್ಬಿಯ ಸುಣ್ಣದ ಹಾಗೆ. ಒಳಗೆ ಇಷ್ಟು ಕಮ್ಮಿ ಇರೋದರಿಂದಲೇ, ಒಂದು ತೂಬು ಕ್ಷಣ ಹೊತ್ತು ತೆರೆದು ಚಿಟಿಕೆ ಕ್ಯಾಲ್ಸಿಯಂ ಒಳಗೆ ಬಂದರೂ ಅದು ದೊಡ್ಡ ಸುದ್ದಿ. ಇಡೀ ಕೋಶಕ್ಕೆ ಡಂಗುರ ಸಾರಿದ ಹಾಗೆ. ಈ ತೂಬುಗಳಿಗೇ ವಿಜ್ಞಾನಿಗಳು ಅಯಾನು ನಾಲೆ ಅನ್ನೋದು.

ಅಜ್ಜಿ ಎಲೆಗೆ ಸುಣ್ಣ ಸವರುವಾಗ ಅಂತಿದ್ದಳು: "ಚಿಟಿಕೆ ಸಾಕು ಕಣ್ಲಾ. ಜಾಸ್ತಿ ಆದ್ರೆ ನಾಲ್ಗೆ ಸುಟ್ಟೋಯ್ತದೆ." ಚಿಟಿಕೆ ಸುಣ್ಣಕ್ಕೇ ಬಾಯಿ ಕೆಂಪಾಗೋದು. ಕೋಶದ ನಿಯಮವೂ ಅದೇ.

ಚಾಟಿಗಳ ಒಗಟಿಗೆ 1998ರಲ್ಲಿ ಅರ್ಧ ಉತ್ತರ ಸಿಕ್ಕಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಆಲಿವರ್ ಬಿಲ್ಕರ್ ಮತ್ತು ಜೊತೆಗಾರರು ಕಂಡುಕೊಂಡದ್ದು ಇಷ್ಟು: ಮೈಯ ಬಿಸಿಯಿಂದ ಹೊರಬಂದ ರಕ್ತ ಐದಾರು ಡಿಗ್ರಿ ತಣ್ಣಗಾಗಬೇಕು, ಜೊತೆಗೆ ಸೊಳ್ಳೆಯ ಹೊಟ್ಟೆಯಲ್ಲಿರುವ ಜ್ಯಾಂಥುರೆನಿಕ್ ಆಮ್ಲ ತಾಗಬೇಕು. ಸೊಳ್ಳೆ ತನ್ನ ಕಣ್ಣಿನ ಬಣ್ಣ ತಯಾರಿಸಿಕೊಳ್ಳುವಾಗ ಹುಟ್ಟುವ ಉಪವಸ್ತು ಅದು! ಲಾವೆರಾನನ ಗಾಜಿನ ಮೇಲೆ ಸೊಳ್ಳೆ ಇರಲಿಲ್ಲ, ಆದರೆ ರಕ್ತ ತಣ್ಣಗಾಗಿತ್ತು, ಗಾಳಿಗೆ ಒಡ್ಡಿದ ರಕ್ತದ ಆಮ್ಲೀಯತೆ ಇಳಿದಿತ್ತು. ಪರಾವಲಂಬಿ ಮೋಸಹೋಗಿ ಎದ್ದಿತ್ತು.

ಉಳಿದರ್ಧ 2004ರಲ್ಲಿ. ಇಲಿಗಳ ಮಲೇರಿಯಾ ಪರಾವಲಂಬಿಯ ಒಳಗೆ, ಕ್ಯಾಲ್ಸಿಯಂ ಏರಿದರೆ ಬೆಳಕು ಕೊಡುವ ವಸ್ತುವನ್ನು ಅದೇ ತಂಡ ಸೇರಿಸಿತು. ಜ್ಯಾಂಥುರೆನಿಕ್ ಆಮ್ಲ ತಾಗಿದ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಕ್ಯಾಲ್ಸಿಯಂ ಏರಿತು. ಏರಿದ ಕ್ಯಾಲ್ಸಿಯಂ ಸಿಡಿಪಿಕೆ4 ಎಂಬ ಕಿಣ್ವವನ್ನು ಎಬ್ಬಿಸುತ್ತೆ. ಅದು ಎದ್ದರೆ ಗಂಡು ಕೋಶ ಹತ್ತು ನಿಮಿಷದೊಳಗೆ ತನ್ನ ಡಿಎನ್‌ಎಯನ್ನು ಮೂರು ಸಲ ನಕಲು ಮಾಡಿ, ಒಂದು ಎಂಟಾಗಿ, ಎಂಟು ಚಾಟಿಗಳು ಸಿಡಿಯುತ್ತವೆ. ಆ ಕಿಣ್ವದ ಜೀನನ್ನು ತೆಗೆದುಹಾಕಿದರೆ ಗಂಡೂ ಇಲ್ಲ, ಮದುವೆಯೂ ಇಲ್ಲ, ಸೊಳ್ಳೆಯಿಂದ ಮುಂದಕ್ಕೆ ಹರಡುವುದೂ ಇಲ್ಲ.

ಇನ್ನೂ ಸ್ವಾರಸ್ಯ ಇದೆ. ಈ ಜಾತಿಯ ಕಿಣ್ವಗಳು ಗಿಡಮರಗಳಲ್ಲಿವೆ, ಮನುಷ್ಯರಲ್ಲಿ ಇಲ್ಲ. ಅಂದರೆ ನಮ್ಮ ಗುಬ್ಬಿ ಕಡೆಯ ಅಡಿಕೆ ತೋಟಕ್ಕೂ ಚಿಕ್ಕಪ್ಪನನ್ನು ಕೊಂದ ಪ್ರಾಣಿಗೂ ಇರುವ ನೆಂಟಸ್ತನ, ನಮಗೂ ಅದಕ್ಕೂ ಇಲ್ಲ. ಮದ್ದು ಹುಡುಕುವವರಿಗೆ ಇದು ಒಳ್ಳೆಯ ಸುದ್ದಿ: ನಮ್ಮಲ್ಲಿ ಇಲ್ಲದ್ದನ್ನು ಹೊಡೆದರೆ ನಮಗೆ ಪೆಟ್ಟು ಬೀಳೋದು ಕಮ್ಮಿ.

*

ಜ್ವರದ ಕಥೆಗೂ ಇದೇ ಸುಣ್ಣ ಬೇಕು. ಮಲೇರಿಯಾ ಕೆಂಪುಕಣದ ಒಳಗೆ ಕೂತು ಬೆಳೆಯುತ್ತೆ. ಅಲ್ಲಿ ಒಂದು ತೊಂದರೆ. ಕೆಂಪುಕಣದ ಒಳಗೆ ಕ್ಯಾಲ್ಸಿಯಂ ತೀರಾ ಕಮ್ಮಿ, ಒಣಗಿದ ಕೆರೆಯ ಹಾಗೆ. ಸುದ್ದಿ ಕಳಿಸೋಕೆ ನೀರೆಲ್ಲಿಂದ ತರೋದು? 2003ರಲ್ಲಿ ಬ್ರೆಜಿಲ್‌ನ ಸೆಲಿಯಾ ಗಾರ್ಸಿಯಾ ಅವರ ತಂಡ ಇದನ್ನು ಬಿಡಿಸಿತು. ಪರಾವಲಂಬಿ ಒಳನುಗ್ಗುವಾಗ ಕೆಂಪುಕಣದ ಪೊರೆಯನ್ನೇ ಒಳಕ್ಕೆ ಮಡಚಿ ಚೀಲ ಮಾಡಿಕೊಳ್ಳುತ್ತೆ. ಪೊರೆ ಮಡಚಿದಾಗ ಪಂಪಿನ ಮುಖವೂ ತಿರುಗುತ್ತೆ. ಮೊದಲು ಕ್ಯಾಲ್ಸಿಯಂ ಅನ್ನು ಹೊರಗೆ ಎಸೆಯುತ್ತಿದ್ದ ನಮ್ಮದೇ ಪಂಪು ಈಗ ಅದರ ಚೀಲಕ್ಕೆ ತುಂಬಿಸುತ್ತೆ. ಚೀಲದೊಳಗೆ ಸುತ್ತಲಿನ ರಸಕ್ಕಿಂತ ನೂರಾರು ಪಟ್ಟು ಹೆಚ್ಚು ಕ್ಯಾಲ್ಸಿಯಂ. ನಮ್ಮ ಕರೆಂಟು, ನಮ್ಮ ಪಂಪು, ಅದರ ತೊಟ್ಟಿ! ಎಂಥಾ ಕಿಲಾಡಿ ನೋಡಿ.

ಬೆಳೆದು ತುಂಬಿದ ಮೇಲೆ ಒಳಗೆ ಮತ್ತೆ ಕ್ಯಾಲ್ಸಿಯಂ ಏರುತ್ತೆ. ಅದು ಕೆಂಪುಕಣ ಒಡೆಯುವ ಅಪ್ಪಣೆ. ಲಕ್ಷಾಂತರ ಕಣಗಳು ಹೆಚ್ಚುಕಮ್ಮಿ ಒಟ್ಟಿಗೆ ಒಡೆದಾಗ ಬರೋದೇ ಆ ನಡುಕ. ವೈವಾಕ್ಸ್ ಮತ್ತು ಫಾಲ್ಸಿಪೇರಂಗೆ 48 ಗಂಟೆಯ ಸುತ್ತು, ಮಲೇರಿಯೇ ಎಂಬ ಇನ್ನೊಂದು ಜಾತಿಗೆ 72. ಅಜ್ಜಿ "ದಿನ ಬಿಟ್ಟು ದಿನ ಬರೋ ಚಳಿಜ್ವರ" ಅಂತಿದ್ದದ್ದು ಈ ಗಡಿಯಾರವನ್ನೇ. ಎಲ್ಲವೂ ಒಟ್ಟಿಗೆ ಒಡೆಯೋದು ಹೇಗೆ? ರಾತ್ರಿ ಹೊತ್ತು ನಮ್ಮ ಮೈಯಲ್ಲಿ ಏರುವ ಮೆಲಟೋನಿನ್ ಹಾರ್ಮೋನು ಪರಾವಲಂಬಿಯ ಕ್ಯಾಲ್ಸಿಯಂ ಅನ್ನು ಏರಿಸಿ ಅದರ ಸಮಯವನ್ನು ಹೊಂದಿಸುತ್ತೆ ಅಂತ ಗಾರ್ಸಿಯಾ ತಂಡ 2000ದಲ್ಲಿ ತೋರಿಸಿತ್ತು. ಅದಕ್ಕೆ ತನ್ನದೇ ಒಳಗಡಿಯಾರವೂ ಇದೆ ಅಂತ 2020ರ ಸಂಶೋಧನೆಗಳು ಹೇಳಿದವು. ನಮ್ಮ ನಿದ್ದೆಯ ಹೊತ್ತು ನೋಡಿ ಅದು ತನ್ನ ವಾಚು ಸರಿಮಾಡಿಕೊಳ್ಳುತ್ತೆ ಅಂತ ಇಟ್ಟುಕೊಳ್ಳಿ.

ಬೇರೆ ತೂಬುಗಳೂ ಇವೆ. ಕೂದಲಿಗಿಂತ ಎಷ್ಟೋ ಸಣ್ಣ ಗಾಜಿನ ನಳಿಗೆಯ ತುದಿಯನ್ನು ಕೋಶದ ಪೊರೆಗೆ ಅಂಟಿಸಿ ಒಂದೊಂದೇ ನಾಲೆಯ ಕರೆಂಟ್ ಅಳೆಯುವ ವಿಧಾನವನ್ನು ನೇಹರ್ ಮತ್ತು ಸಾಕ್‌ಮನ್ 1976ರಲ್ಲಿ ಕಂಡುಹಿಡಿದಿದ್ದರು (1991ರ ನೊಬೆಲ್). ಅದನ್ನೇ ಬಳಸಿ 2000ದಲ್ಲಿ ಅಮೆರಿಕದಲ್ಲಿ ಸಂಜಯ ದೇಸಾಯಿ ಮತ್ತು ಸಂಗಡಿಗರು, ಮಲೇರಿಯಾ ಹೊಕ್ಕ ಕೆಂಪುಕಣದ ಪೊರೆಯಲ್ಲಿ ಆರೋಗ್ಯವಂತ ಕಣದಲ್ಲಿ ಕಾಣದ ಹೊಸ ನಾಲೆಯ ಚಟುವಟಿಕೆ ಕಂಡರು. ಅದು ಕ್ಯಾಲ್ಸಿಯಂ ತೂಬಲ್ಲ, ಊಟದ ತೂಬು. ಸಕ್ಕರೆ, ಅಮೈನೋ ಆಮ್ಲ ಒಳಗೆ ಬರುವ ದಾರಿ. ಅದರ ಹಿಂದೆ ಪರಾವಲಂಬಿಯದೇ ಜೀನುಗಳಿವೆ ಅಂತ 2011ರಲ್ಲಿ ಗೊತ್ತಾಯಿತು.

ಎಲ್ಲ ಸಲವೂ ವಿಜ್ಞಾನಿಗಳ ಊಹೆ ನೆಟ್ಟಗೆ ಹೋಗಿಲ್ಲ. ಚೀನಾದ ಟು ಯೂಯೂ ಅವರಿಗೆ 2015ರ ನೊಬೆಲ್ ತಂದ ಆರ್ಟೆಮಿಸಿನಿನ್ ಮದ್ದು, ಮಲೇರಿಯಾದ ಕ್ಯಾಲ್ಸಿಯಂ ಪಂಪನ್ನು ಕಟ್ಟಿಹಾಕಿ ಕೊಲ್ಲುತ್ತೆ ಅಂತ 2003ರಲ್ಲಿ ಒಂದು ಲೇಖನ ಬಂದು ದೊಡ್ಡ ಸದ್ದಾಯಿತು. ಆಮೇಲಿನ ಪರೀಕ್ಷೆಗಳಲ್ಲಿ ಅದು ಸರಿಯಾಗಿ ನಿಲ್ಲಲಿಲ್ಲ. ಮದ್ದಿಗೆ ಬಗ್ಗದ ತಳಿಗಳ ಗುರುತು ಬೇರೆಯದೇ ಒಂದು ಜೀನಿನಲ್ಲಿದೆ ಅಂತ 2014ರಲ್ಲಿ ತಿಳಿಯಿತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ ನಮಿತಾ ಸುರೋಲಿಯಾ ಅವರು 2001ರಲ್ಲಿ ಟ್ರೈಕ್ಲೋಸಾನ್ ಮಲೇರಿಯಾವನ್ನು ತಡೆಯುತ್ತೆ ಅಂತ ತೋರಿಸಿದಾಗಲೂ ಜಗತ್ತು ತಿರುಗಿ ನೋಡಿತ್ತು. ಅದು ಹೊಡೆಯುತ್ತೆ ಅಂದುಕೊಂಡಿದ್ದ ಕಿಣ್ವ ರಕ್ತದ ಹಂತಕ್ಕಿಂತ ಯಕೃತ್ತಿನ ಹಂತದಲ್ಲಿ ಮುಖ್ಯ ಅಂತ ಆಮೇಲೆ ಗೊತ್ತಾಯಿತು. ರಿಂಗರ್ ತನ್ನ ನಲ್ಲಿ ನೀರಿನ ತಪ್ಪನ್ನು ತಾನೇ ತಿದ್ದಿಕೊಂಡ ಹಾಗೆ, ಹೀಗೇ ತಿದ್ದುತ್ತಾ ತಿದ್ದುತ್ತಾ ಹೋಗೋದೇ ಈ ದಾರಿ.

ಇನ್ನೊಂದು ತಮಾಷೆ. 2002ರಲ್ಲಿ ಫಾಲ್ಸಿಪೇರಂನ ಇಡೀ ಜೀನೋಮ್ ಓದಿ ಮುಗಿಸಿದಾಗ, ಉಗ್ರಾಣದಿಂದ ಕ್ಯಾಲ್ಸಿಯಂ ಬಿಡುವ ತೂಬಿಗಾಗಿ ಹುಡುಕಿದರು. ನಮ್ಮ ಕೋಶಗಳಲ್ಲಿರುವ ಆ ಜಾತಿಯ ತೂಬು ಅಲ್ಲಿ ಕಾಣಲೇ ಇಲ್ಲ! ನೀರು ಹರೀತಿದೆ, ತೂಬು ಕಾಣ್ತಿಲ್ಲ. 2021ರಲ್ಲಿ ಐಸಿಎಂ1 ಎಂಬ ಪೊರೆಯ ಪ್ರೋಟೀನು ಕ್ಯಾಲ್ಸಿಯಂ ಹರಿವಿಗೆ ಬೇಕೇಬೇಕು ಅಂತ ಗೊತ್ತಾದದ್ದು ಆ ಹುಡುಕಾಟದಲ್ಲಿ ಸಿಕ್ಕ ಒಂದು ಸುಳಿವು.

*

ಸೊಳ್ಳೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಕಥೆ ಪೂರ್ತಿಯಾಗಲ್ಲ. 1937ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ಅನಾಫಿಲಿಸ್ ಸ್ಟೀಫೆನ್ಸಿ ಅನ್ನೋ ಸೊಳ್ಳೆಯಲ್ಲಿ ಎರಡು ಬಗೆ ಇದೆ ಅಂತ ತೋರಿಸಿದರು. ಮೊಟ್ಟೆಯ ಅಕ್ಕಪಕ್ಕ ತೇಲೋಕೆ ಇರುವ ಗಾಳಿಚೀಲದ ಮೇಲಿನ ಗೆರೆಗಳನ್ನು ಎಣಿಸಿ! ಗೆರೆ ಕಮ್ಮಿ ಇರುವ ಬಗೆಗೆ ನಮ್ಮ ಮೈಸೂರಿನ ಹೆಸರೇ ಬಂತು: ಮೈಸೋರೆನ್ಸಿಸ್. ಗೆರೆ ಹೆಚ್ಚಿರುವ ಮೂಲ ಬಗೆ ಪೇಟೆಯ ಸೊಳ್ಳೆ. ಬಾವಿ, ಮೇಲಿನ ಟ್ಯಾಂಕು, ಕಟ್ಟಡ ಕಟ್ಟುವ ಕಡೆ ನಿಂತ ನೀರು ಅಂದರೆ ಅದಕ್ಕೆ ಪ್ರಾಣ. 1990ರ ದಶಕದಲ್ಲಿ ಮಂಗಳೂರಿನಲ್ಲಿ ಮಲೇರಿಯಾ ಎದ್ದದ್ದು ಈ ಸ್ಟೀಫೆನ್ಸಿಯಿಂದಲೇ, ಬೆಳೆಯುತ್ತಿದ್ದ ಕಟ್ಟಡಗಳ ನಡುವೆ. ಚಿಕ್ಕಪ್ಪ ಸೆಂಟ್ರಿಂಗ್ ಹಾಕಿದ ತಾರಸಿಗಳಿಗೂ ನೀರು ಕಟ್ಟಿ ನಿಲ್ಲಿಸುತ್ತಿದ್ದರು. 1883ರ ರಾಸ್‌ನ ತೊಟ್ಟಿಯೇ ತಾರಸಿಗೆ ಹತ್ತಿದ ಹಾಗೆ. ಇದೇ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂತಿಯಲ್ಲಿ ಕಾಣಿಸಿಕೊಂಡು, ಅಲ್ಲಿಂದ ಇಥಿಯೋಪಿಯಾ ಮುಂತಾದ ಕಡೆ ಹರಡಿ ಅಲ್ಲಿನ ಪೇಟೆಗಳ ನಿದ್ದೆಗೆಡಿಸಿದೆ.

ಅಪ್ಪನ ಇಲಾಖೆಯ ಚರಿತ್ರೆಯೂ ಇದೇ ಪಾಠ. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮ ಆಯ್ತು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನಕ್ಕೆ ಬರುತ್ತಿದೆ ಅಂತ ಅಂದಾಜಿದ್ದ ರೋಗ, 1961ರಲ್ಲಿ 50 ಸಾವಿರ ಪ್ರಕರಣಕ್ಕೆ ಇಳಿಯಿತು. ಇನ್ನೇನು ಮುಗೀತು ಅಂತ ಎಲ್ಲರೂ ಕೈ ಸಡಿಲ ಬಿಟ್ಟರು. ಡಿಡಿಟಿಗೆ ಸೊಳ್ಳೆ ಬಗ್ಗದಾಯಿತು, 1973ರಲ್ಲಿ ಅಸ್ಸಾಮಿನಲ್ಲಿ ಕ್ಲೋರೋಕ್ವಿನ್‌ಗೆ ಫಾಲ್ಸಿಪೇರಂ ಬಗ್ಗದಾಯಿತು, 1976ರಲ್ಲಿ ಪ್ರಕರಣ 64 ಲಕ್ಷ ದಾಟಿತು. ನಮ್ಮ ಕಡೆ ಇನ್ನೊಂದು ಪೇಚು: ರೇಷ್ಮೆ ಹುಳ ಸಾಕುವ ಮನೆಯವರು ಔಷಧಿ ಹೊಡೆಯೋಕೆ ಬಿಡ್ತಿರಲಿಲ್ಲ. "ಸೊಳ್ಳೆ ಸಾಯೋದಿರ್ಲಿ ಸಾ, ನಮ್ ಹುಳ ಸತ್ರೆ ಹೊಟ್ಟೆಗೇನ್ ಮಾಡಾನ?" ಅಂತ ಕೇಳಿದವರಿಗೆ ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಅಂಥ ಕಡೆ ಬಾವಿಗೆ ಗಪ್ಪಿ ಮೀನು ಬಿಡೋದು ಆಮೇಲೆ ಬಂದ ಉಪಾಯ.

*

ಮೊನ್ನೆ ಅಪ್ಪನ ಪೆಟ್ಟಿಗೆಯ ಒಂದು ಗಾಜನ್ನು ಬೆಳಕಿಗೆ ಹಿಡಿದು ನೋಡಿದೆ. ಖಾಲಿ ಗಾಜು. ಆದರೂ ಕೈ ನಡುಗಿತು.

ಸೊಳ್ಳೆಯ ಹೊಟ್ಟೆ ಸೇರಿದ ಪರಾವಲಂಬಿಗೆ ಸುದ್ದಿ ತಲುಪೋಕೆ ಹತ್ತು ಸೆಕೆಂಡು ಸಾಕು. ಒಂದು ಚಿಟಿಕೆ ಸುಣ್ಣ ಸಾಕು. ನಮಗೆ ಒಂಬತ್ತು ದಿನ ಬೇಕಾಯಿತು. ಸೂಕ್ಷ್ಮದರ್ಶಕ ಇತ್ತು, ಬಣ್ಣ ಇತ್ತು, ಸ್ಲೈಡ್ ಇತ್ತು, ಕುರ್ಚಿಯಲ್ಲಿ ಜನ ಇರಲಿಲ್ಲ. ಈಗ ಬೆರಳಿನ ಒಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಹಾಕಿದರೆ ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತೆ, ಆಶಾ ಕಾರ್ಯಕರ್ತೆಯರ ಕೈಯಲ್ಲೇ ಅದು ಇದೆ. ಫಾಲ್ಸಿಪೇರಂಗೆ ಆರ್ಟೆಮಿಸಿನಿನ್ ಸೇರಿದ ಮದ್ದೂ ಇದೆ. 1995ರಲ್ಲಿ ಇದು ಇದ್ದಿದ್ದರೆ ಅಂತ ಯೋಚಿಸೋದನ್ನು ನಾನು ಬಿಟ್ಟಿದ್ದೇನೆ. ಅಪ್ಪ ಬಿಟ್ಟಿರಲಿಲ್ಲ ಅನ್ಸುತ್ತೆ.

ಅಪ್ಪ ಇದ್ದಿದ್ದರೆ ಈ ಕ್ಯಾಲ್ಸಿಯಂ ಕಥೆಯನ್ನು ಅವರಿಗೆ ಹೇಳಬೇಕಿತ್ತು. ಆ ಪ್ರಾಣಿಯ ಸುದ್ದಿಯ ದಾರಿಯನ್ನೇ ಕಡಿಯೋಕೆ ಜನ ಹೊರಟಿದ್ದಾರೆ ಕಣಪ್ಪ, ತೂಬು ಹುಡುಕ್ತಿದ್ದಾರೆ, ಮುಚ್ಚಿದರೆ ಅದು ಸೊಳ್ಳೆಯೊಳಗೆ ಏಳೋದೇ ಇಲ್ಲ ಅಂತ. ಅವರು ಏನಂತಿದ್ದರು ಅಂತ ಗೊತ್ತು: "ಅದೆಲ್ಲ ಸರಿ ಕಣಪ್ಪ, ಮೊದ್ಲು ಲ್ಯಾಬ್ನಾಗೆ ಒಬ್ರನ್ನ ಕೂರ್ಸು."

ಸುಣ್ಣದ ಡಬ್ಬಿಯನ್ನೂ ಪೆಟ್ಟಿಗೆಯನ್ನೂ ಈಗ ಒಂದೇ ಕಪಾಟಿನಲ್ಲಿ ಇಟ್ಟಿದ್ದೀನಿ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಗೋಡೆ ಮೇಲೆ ಮಲೇರಿಯಾದೋರು ಬರೆದ ಹಳೇ ತಾರೀಖು ಇನ್ನೂ ಉಳಿದಿದ್ದರೆ, ಸುಣ್ಣ ಹೊಡೆಸುವ ಮುಂಚೆ ಒಮ್ಮೆ ನಿಂತು ನೋಡಿ. ಮನೆಯಲ್ಲಿ ಯಾರಿಗಾದರೂ ಚಳಿ ಬಂದು ಜ್ವರ ಏರಿದರೆ, ಅದರಲ್ಲೂ ಬೇರೆ ಊರಿಗೆ ಹೋಗಿ ಬಂದವರಾದರೆ, ಅದೇನೋ ವೈರಲ್ ಅಂತ ಕೂರಬೇಡಿ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ವರದಿ ಬಂತಾ ಅಂತ ನೀವೇ ಹೋಗಿ ಕೇಳಿ.

ಮತ್ತೆ ಸಿಗೋಣ.